ಗ್ರಾಫಿಕ್ಸ್ ಕಾರ್ಡ್ ಬೆಲೆ ಏರುತ್ತಿದೆ: ಈಗಲೇ ಕೊಳ್ಳಲಾ, ಕಾಯಲಾ?

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ ವಿಡಿಯೊ ಎಡಿಟಿಂಗೇ ಮುಖ್ಯ ಕೆಲಸ. ಕಂಪ್ಯೂಟರ್ ಹಳೆಯದು: ರೈಜನ್ 5 3600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ). ಕಾರ್ಡ್ ಜಿಟಿಎಕ್ಸ್ 1060, 6 ಜಿಬಿ. ಹೊಸ ಸೋನಿ ಕ್ಯಾಮೆರಾ ತಂದ ಮೇಲೆ ಅಡೋಬಿಯ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್‌ನಲ್ಲಿ 4ಕೆ ಟೈಮ್‌ಲೈನ್ ತಡೆತಡೆದು ಓಡುತ್ತಿದೆ. ರಾತ್ರಿ ಮಗ ಇದರಲ್ಲೇ ಗೇಮ್ ಆಡುತ್ತಾನೆ. ಅಂಗಡಿಯವರು "ಮೆಮೊರಿ ಕೊರತೆ ಇದೆ, ಕಾರ್ಡ್ ರೇಟ್ ಇನ್ನೂ ಏರುತ್ತೆ, ಈ ವಾರವೇ ತಗೊಂಡುಬಿಡಿ" ಅನ್ನುತ್ತಿದ್ದಾರೆ. 35 ಸಾವಿರ ಎತ್ತಿಟ್ಟಿದ್ದೇನೆ. ಈಗಲೇ ಕೊಳ್ಳಲಾ? ಕಾಯಲಾ? ಸೆಕೆಂಡ್ ಹ್ಯಾಂಡ್ ತಗೊಂಡರೆ ಪರವಾಗಿಲ್ಲವಾ?

ಉತ್ತರ: ಈ ವಾರ ಕೊಳ್ಳಬೇಡಿ. ಕೊರತೆ ನಿಜ. ಬೆಲೆ ಏರಬಹುದು ಅನ್ನುವ ಅಂಗಡಿಯವರ ಮಾತೂ ಸುಳ್ಳಲ್ಲ. ಆದರೆ ನೀವು ಬರೆದಿರುವ ಲಕ್ಷಣ ನೋಡಿದರೆ ತೊಂದರೆ ಕಾರ್ಡಿನ ಶಕ್ತಿಯದ್ದಲ್ಲ ಅನ್ನಿಸುತ್ತದೆ. ಹಾಗಿದ್ದರೆ 35 ಸಾವಿರ ಕೊಟ್ಟು ಹೊಸ ಕಾರ್ಡ್ ಹಾಕಿದ ಮೇಲೂ ಟೈಮ್‌ಲೈನ್ ಈಗಿನ ಹಾಗೇ ತಡೆಯಬಹುದು. ಅದಕ್ಕೇ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಕಂಪ್ಯೂಟರ್ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಕಣ್ಣಾರೆ ನೋಡಿ.

ಪ್ರೀಮಿಯರ್‌ನಲ್ಲಿ ಹೆಚ್ಚು ಕಾಟ ಕೊಡುವ ಟೈಮ್‌ಲೈನ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಜಿಪಿಯು (ಅಂದರೆ ಗ್ರಾಫಿಕ್ಸ್ ಕಾರ್ಡ್) ಆರಿಸಿ. ನಾಲ್ಕು ಸಣ್ಣ ಗ್ರಾಫ್ ಕಾಣುತ್ತವೆ. ಪ್ರತಿಯೊಂದರ ಹೆಸರಿನ ಮೇಲೆ ಒತ್ತಿ ಬೇರೆ ಬೇರೆ ಗ್ರಾಫ್ ಆರಿಸಬಹುದು. ಒಂದರಲ್ಲಿ 3ಡಿ, ಇನ್ನೊಂದರಲ್ಲಿ ವಿಡಿಯೊ ಡಿಕೋಡ್ ಇಟ್ಟುಕೊಳ್ಳಿ. ಕೆಳಗೆ ಕಾರ್ಡಿನ ಮೆಮೊರಿ ಎಷ್ಟು ತುಂಬಿದೆ ಅಂತಲೂ ತೋರಿಸುತ್ತದೆ. ಈಗ ಸ್ಪೇಸ್ ಬಾರ್ ಒತ್ತಿ ವಿಡಿಯೊ ಓಡಿಸಿ.

ಎಫೆಕ್ಟ್ ಏನೂ ಹಾಕದ ಬರೀ ಫೂಟೇಜ್ ಓಡುವಾಗಲೇ ಸಿಪಿಯು 100ಕ್ಕೆ ಹತ್ತಿ, ವಿಡಿಯೊ ಡಿಕೋಡ್ ಗ್ರಾಫ್ ಸೊನ್ನೆಯಲ್ಲೇ ಮಲಗಿದ್ದರೆ ಕಾರಣ ಸಿಕ್ಕಿತು. ನಿಮ್ಮ ಕ್ಯಾಮೆರಾ ಬಹುಶಃ 4:2:2 10 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತಿದೆ. 4:2:2 ಅಂದರೆ ಮಾಮೂಲಿ 4:2:0ಗಿಂತ ಬಣ್ಣದ ವಿವರ ಜಾಸ್ತಿ ಉಳಿಸುವ ಬಗೆ, 10 ಬಿಟ್ ಅಂದರೆ ಬಣ್ಣದ ಛಾಯೆಗಳು ಜಾಸ್ತಿ. ಕುಗ್ಗಿಸಿಟ್ಟ ವಿಡಿಯೊ ಬಿಚ್ಚುವುದಕ್ಕೆ, ಅಂದರೆ ಡಿಕೋಡ್ ಮಾಡುವುದಕ್ಕೆ, ಗ್ರಾಫಿಕ್ಸ್ ಕಾರ್ಡಿನೊಳಗೆ ಪ್ರತ್ಯೇಕ ಭಾಗವೊಂದಿರುತ್ತದೆ. ಯಾವ ಫಾರ್ಮ್ಯಾಟ್ ಬಿಚ್ಚಬಹುದು ಅನ್ನುವುದು ಚಿಪ್ ತಯಾರಾಗುವಾಗಲೇ ತೀರ್ಮಾನವಾಗಿರುತ್ತದೆ. ಆಮೇಲೆ ಯಾವ ಡ್ರೈವರ್ ಹಾಕಿದರೂ ಬದಲಾಗುವುದಿಲ್ಲ. ನಿಮ್ಮ 1060ಕ್ಕೆ 4:2:0 ಬರುತ್ತದೆ, 4:2:2 ಬರುವುದಿಲ್ಲ. ಹಾಗಾಗಿ ಅಷ್ಟೂ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ.

ಮುಖ್ಯವಾದ ಮಾತು ಈಗ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ 4:2:2 ಬಿಚ್ಚುವ ಶಕ್ತಿ ಬಂದಿದ್ದೇ 2025ರಲ್ಲಿ, ಆರ್‌ಟಿಎಕ್ಸ್ 50 ಸರಣಿಯಿಂದ. ಒಂದೂವರೆ ಲಕ್ಷ ದಾಟಿದ ಆರ್‌ಟಿಎಕ್ಸ್ 4090ಕ್ಕೂ ಇದು ಬರುವುದಿಲ್ಲ. 3060ಕ್ಕೂ ಇಲ್ಲ, 4060ಕ್ಕೂ ಇಲ್ಲ. ಎಎಂಡಿಯ 9000 ಸರಣಿ ಗೇಮ್‌ಗೆ ತುಂಬಾ ಒಳ್ಳೆಯದು, ಆದರೆ 4:2:2 ಅದರಲ್ಲೂ ಇಲ್ಲ. ಇಂಟೆಲ್‌ನವರು ಮಾತ್ರ ತಮ್ಮ 11ನೇ ತಲೆಮಾರಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲೇ ಎಚ್.265 (ವಿಡಿಯೊ ಕುಗ್ಗಿಸುವ ಒಂದು ವಿಧಾನ) ಫಾರ್ಮ್ಯಾಟಿನ 4:2:2ಕ್ಕೆ ಜಾಗ ಕೊಟ್ಟಿದ್ದರು. ಈಗ ಯೋಚಿಸಿ. ಕೊರತೆ ಅಂತ ಹೆದರಿ, ಸಿಕ್ಕಿದ್ದು ಸಿಗಲಿ ಅಂತ ಒಂದು 3060 ತಂದಿದ್ದರೆ? ಎಕ್ಸ್‌ಪೋರ್ಟ್ ಚುರುಕಾಗುತ್ತಿತ್ತು, ಕಲರ್ ಕೆಲಸ ಹಗುರಾಗುತ್ತಿತ್ತು. ನೀವು ದೂರು ಹೇಳುತ್ತಿರುವ ಆ ತಡೆ ಮಾತ್ರ ಹೋಗುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಬೇರೆಯದೂ ಕಾಣಬಹುದು. 3ಡಿ ಗ್ರಾಫ್ 95 ದಾಟಿ ಅಲ್ಲೇ ನಿಂತಿದ್ದರೆ ಕಾರ್ಡ್‌ಗೇ ಸುಸ್ತಾಗಿದೆ. ಕಾರ್ಡಿನ 6 ಜಿಬಿ ಪೂರ್ತಿ ತುಂಬಿದ್ದರೂ ಹಾಗೇ. ಮೆಮೊರಿ ಅನ್ನುವ ಜಾಗದಲ್ಲಿ 16 ಜಿಬಿ ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ಮೊದಲು ಬೇಕಾದದ್ದು ರ‍್ಯಾಮ್. 4ಕೆ ಎಡಿಟಿಂಗ್‌ಗೆ 32 ಜಿಬಿ ಇರಲಿ ಅಂತ ಅಡೋಬಿಯವರೇ ಹೇಳುತ್ತಾರೆ.

ಕಾರಣ 4:2:2 ಅಂತಾದರೆ ಇವತ್ತೇ ಮಾಡಬಹುದಾದ ಕೆಲಸ ಎರಡಿವೆ. ಎರಡಕ್ಕೂ ದುಡ್ಡು ಬೇಕಿಲ್ಲ.

ಮೊದಲನೆಯದು ಕ್ಯಾಮೆರಾದಲ್ಲಿ. ಸೋನಿಯ ಮೆನುವಿನಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ 4ಕೆ ಆರಿಸಿ, ರೆಕಾರ್ಡ್ ಸೆಟ್ಟಿಂಗ್‌ನಲ್ಲಿ 4:2:0 10 ಬಿಟ್ ಹುಡುಕಿ. 10 ಬಿಟ್ ಉಳಿಯುವುದರಿಂದ, ಆಮೇಲೆ ಕಲರ್ ಮಾಡಲೆಂದೇ ಮಂಕಾಗಿ ತೆಗೆಯುವ ಎಸ್-ಲಾಗ್‌ನಲ್ಲಿ ತೆಗೆದು ಕಲರ್ ಮಾಡುವವರಿಗೂ ನಡೆಯುತ್ತದೆ. ಈ ಫಾರ್ಮ್ಯಾಟನ್ನು ನಿಮ್ಮ 1060 ಬಿಚ್ಚುತ್ತದೆ. ಕೆಲವು ಮಾದರಿಗಳಲ್ಲಿ ಇದಕ್ಕೆ ಎಲ್ಲ ಫ್ರೇಮ್ ರೇಟೂ ಸಿಗುವುದಿಲ್ಲ. ಹಾಗಾಗಿ ಮದುವೆ ದಿನ ಮಂಟಪದಲ್ಲಿ ನಿಂತು ಬದಲಿಸಬೇಡಿ, ಮುಂಚೆಯೇ ಮನೆಯಲ್ಲಿ ಒಂದು ಕ್ಲಿಪ್ ತೆಗೆದು ಟೈಮ್‌ಲೈನಿನಲ್ಲಿ ಹಾಕಿ ನೋಡಿ. ಜೊತೆಗೆ ಬರುವ ಎರಡನೇ ಕ್ಯಾಮೆರಾದವರಿಗೂ ಇದೇ ಸೆಟ್ಟಿಂಗ್ ಹೇಳಿಬಿಡಿ.

ಎರಡನೆಯದು ಪ್ರಾಕ್ಸಿ. ಕ್ಯಾಮೆರಾದ ಮೆಮೊರಿ ಕಾರ್ಡ್‌ನಿಂದ ಫೂಟೇಜ್ ಇಳಿಸುವಾಗಲೇ ಪ್ರೀಮಿಯರ್‌ಗೆ ಪ್ರಾಕ್ಸಿ ಮಾಡಲು ಹೇಳಿ ಮಲಗಿಬಿಡಿ. ಬೆಳಿಗ್ಗೆ ಹೊತ್ತಿಗೆ ಪ್ರತಿ ಕ್ಲಿಪ್‌ಗೂ ಒಂದು ಹಗುರ ಪ್ರತಿ ತಯಾರಾಗಿರುತ್ತದೆ. ಕಟಿಂಗ್ ಎಲ್ಲಾ ಅದರ ಮೇಲೆ. ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶ ಮೂಲ ಫೂಟೇಜನ್ನೇ ಬಳಸುತ್ತದೆ, ಗುಣಮಟ್ಟ ಒಂದು ಚೂರೂ ಕಡಿಮೆ ಆಗುವುದಿಲ್ಲ. ಪ್ರಾಕ್ಸಿ ಫೈಲ್‌ಗಳು ಎಸ್‌ಎಸ್‌ಡಿಯಲ್ಲಿ ಇರಲಿ. ಕಲರ್ ನೋಡುವಾಗ ಮಾತ್ರ ಪ್ರಾಕ್ಸಿ ಬಟನ್ ಆಫ್ ಮಾಡಿಕೊಳ್ಳಿ. ಪ್ರಾಕ್ಸಿ ಅಂದರೆ ಕಿರಿಕಿರಿ ಅಂತ ತುಂಬಾ ಎಡಿಟರ್‌ಗಳು ದೂರ ಇಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ರಾತ್ರಿ ಸುಮ್ಮನೆ ಕೂತಿರುವ ಕಂಪ್ಯೂಟರ್ ಹಗಲಿನ ಕೆಲಸ ಹಗುರ ಮಾಡುತ್ತದೆ ಅಂದರೆ ಯಾಕೆ ಬೇಡ?

ಇನ್ನು ಕೊರತೆಯ ವಿಷಯ. ಇದು ಹೇಗೆ ಹುಟ್ಟಿತು ಅಂತ ಗೊತ್ತಿದ್ದರೆ ಕಾಯಬೇಕಾ ಬೇಡವಾ ಅನ್ನುವುದು ನಿಮಗೇ ತಿಳಿಯುತ್ತದೆ.

ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲು ತಯಾರಿಸುವುದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕಂಪ್ಯೂಟರಿನ ರ‍್ಯಾಮ್, ಗ್ರಾಫಿಕ್ಸ್ ಕಾರ್ಡಿನ ಮೇಲಿನ ಮೆಮೊರಿ, ಎಐ ಸರ್ವರ್‌ಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿ, ಮೂರೂ ಇವರ ಕಾರ್ಖಾನೆಗಳಿಂದಲೇ ಬರಬೇಕು. ಡೈರಿಗೆ ಬರುವ ಹಾಲು ಅಷ್ಟೇ ಇರುವಾಗ, ತುಪ್ಪಕ್ಕೆ ಒಳ್ಳೆ ಬೆಲೆ ಬಂತು ಅಂತ ಜಾಸ್ತಿ ಹಾಲು ಅತ್ತ ಹೋದರೆ ಮೊಸರಿಗೆ ಉಳಿಯುವುದು ಕಮ್ಮಿ ಅಲ್ವಾ, ಹಾಗೆ. ಒಂದು ಜಿಬಿ ಎಚ್‌ಬಿಎಂ ಮಾಡಲು ಬೇಕಾಗುವ ಸಿಲಿಕಾನ್, ಕಂಪ್ಯೂಟರಿನ ಮಾಮೂಲಿ ಡಿಡಿಆರ್5 ಮೆಮೊರಿಗೆ ಬೇಕಾದದ್ದಕ್ಕಿಂತ ಸುಮಾರು ಮೂರು ಪಟ್ಟು. 2025ರ ಕೊನೆಯ ಹೊತ್ತಿಗೆ ಅಂಗಡಿಗಳಲ್ಲಿ ರ‍್ಯಾಮ್ ಬೆಲೆ ಜಿಗಿಯಿತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು. ಹೊಸ ಕಾರ್ಖಾನೆ ಕಟ್ಟಿ ಮಾಲು ಹೊರಗೆ ಬರುವುದಕ್ಕೆ ವರ್ಷಗಳೇ ಬೇಕು.

2020ರಿಂದ 2022ರವರೆಗಿನ ಕೊರತೆ ನಿಮಗೆ ನೆನಪಿರಬಹುದು. 2020ರ ಸೆಪ್ಟೆಂಬರ್‌ನಲ್ಲಿ ಆರ್‌ಟಿಎಕ್ಸ್ 3080 ಅನ್ನು 699 ಡಾಲರ್‌ಗೆ ಬಿಟ್ಟರು. ಆ ಬೆಲೆಗೆ ಅದು ಸಿಕ್ಕವರು ಪುಣ್ಯವಂತರು. ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತ ಜನ ಒಂದು ಕಡೆ, ಕಾರ್ಡ್ ಓಡಿಸಿ ಇಥೀರಿಯಂ ಅನ್ನುವ ಡಿಜಿಟಲ್ ಹಣ ಗಳಿಸುವವರು, ಅಂದರೆ ಮೈನಿಂಗ್ ಮಾಡುವವರು, ಇನ್ನೊಂದು ಕಡೆ, ಇಬ್ಬರೂ ಅದೇ ಕಾರ್ಡ್‌ಗಳಿಗೆ ಮುಗಿಬಿದ್ದರು. 2021ರಲ್ಲಿ ಎರಡು ಪಟ್ಟು, ಕೆಲವು ಕಡೆ ಮೂರು ಪಟ್ಟು ಬೆಲೆಗೂ ಮಾರಾಟವಾದವು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ವಿಧಾನವನ್ನೇ ಬದಲಿಸಿತು. ಕಾರ್ಡ್ ಹಾಕಿ ಅದನ್ನು ಮೈನ್ ಮಾಡುವುದು ಅವತ್ತಿಗೆ ನಿಂತುಹೋಯಿತು. ಬೆಲೆ ಅದಕ್ಕೆ ತಿಂಗಳುಗಳ ಮುಂಚೆಯೇ ಇಳಿಯತೊಡಗಿತ್ತು.

ಆಗ ಕಾದವರಿಗೆ ಲಾಭವಾಯಿತು. ಈ ಸಲವೂ ಹಾಗೇ ಅಂತ ಕಣ್ಣುಮುಚ್ಚಿ ಕಾಯಬೇಡಿ. ಆಗಿನ ಬೇಡಿಕೆಗೆ ಒಂದು ಕೊನೆಯ ದಿನ ಇತ್ತು, ಅದು ಬರುತ್ತಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಸರ್ವರ್ ಕಂಪನಿಗಳ ಬೇಡಿಕೆಗೆ ಅಂಥ ದಿನ ಕಾಣುತ್ತಿಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟು: ಬೆಲೆ ಇಳಿಯಲಿ ಅಂತ ಕಾಯಬೇಡಿ, ನಿಮಗೆ ಬೇಕಾದ್ದು ಯಾವುದು ಅಂತ ಗೊತ್ತಾಗುವವರೆಗೆ ಮಾತ್ರ ಕಾಯಿರಿ. ಅದಕ್ಕೆ ಒಂದೆರಡು ವಾರ ಸಾಕು. ಅಷ್ಟರಲ್ಲಿ ಎರಡು ಸಾವಿರ ಏರಿದರೂ, ತಪ್ಪು ಕಾರ್ಡಿಗೆ ಕೊಡುವ 30 ಸಾವಿರದ ಮುಂದೆ ಅದು ದೊಡ್ಡದಲ್ಲ.

ಪ್ರಾಕ್ಸಿ ಹಾಕಿದ ಮೇಲೆ ಕೆಲಸ ಸರಾಗವಾಗಿ ನಡೆಯುತ್ತಿದೆ, ಡೆಲಿವರಿ ತಡವಾಗುತ್ತಿಲ್ಲ ಅಂದರೆ ದುಡ್ಡು ಹಾಗೇ ಇರಲಿ. ದಿನಕ್ಕೆ ಎರಡು ಮೂರು ಗಂಟೆ ಈಗಲೂ ಹಾಳಾಗುತ್ತಿದೆ, ಸೀಸನ್‌ನಲ್ಲಿ ಒಂದು ಮದುವೆ ಕೈಬಿಡಬೇಕಾಗುತ್ತಿದೆ ಅಂದರೆ ಆ ಒಂದು ಮದುವೆಯ ಆದಾಯದ ಮುಂದೆ ಕಾರ್ಡಿನ ಬೆಲೆ ಇಟ್ಟು ನೋಡಿ, ಆಮೇಲೆ ಧೈರ್ಯವಾಗಿ ಕೊಳ್ಳಿ. ಕೊಂಡರೂ ಸೀಸನ್ ನಡುವೆ ಹಾಕಬೇಡಿ. ಎರಡು ಮದುವೆಗಳ ಎಡಿಟ್ ಅರ್ಧಕ್ಕಿರುವಾಗ ಡ್ರೈವರ್ ಕೈಕೊಟ್ಟರೆ ಬಹಳ ಕಷ್ಟ. ಆಷಾಢದಲ್ಲಿ ಹೇಗೂ ಮದುವೆ ಇರುವುದಿಲ್ಲ. ಆಗ ಹಾಕಿ, ನಿಧಾನವಾಗಿ ಪರೀಕ್ಷೆ ಮಾಡಿ.

ಕೊಳ್ಳುವುದೇ ಆದರೆ ಯಾವುದು? 4:2:2 ಫೂಟೇಜೇ ನಿಮ್ಮ ನಿತ್ಯದ ಕೆಲಸವಾದರೆ ಆರ್‌ಟಿಎಕ್ಸ್ 50 ಸರಣಿ ಬಿಟ್ಟು ಬೇರೆ ಕಡೆ ನೋಡಬೇಡಿ. 5060 ಟಿಐ 16 ಜಿಬಿ ಬಜೆಟ್‌ನಲ್ಲಿ ಸಿಕ್ಕರೆ ಯೋಚನೆ ಬೇಡ, ತೆಗೆದುಕೊಳ್ಳಿ. ಆದರೆ ಜಾಸ್ತಿ ಮೆಮೊರಿ ಇರುವ ಕಾರ್ಡ್‌ಗೇ ಮೆಮೊರಿ ಕೊರತೆಯ ಬಿಸಿ ಮೊದಲು ತಟ್ಟುವುದು, ಸಿಗದೇ ಹೋಗಬಹುದು. ಆಗ 5060 ಸಾಕು. 8 ಜಿಬಿ ಕಮ್ಮಿ ಅಂತ ಎಲ್ಲರೂ ಹೇಳುತ್ತಾರೆ, ಹೊಸ ಗೇಮ್‌ಗಳ ಮಟ್ಟಿಗೆ ಅದು ಸರಿ. 4ಕೆ ಮದುವೆ ಎಡಿಟಿಂಗ್ ಮಾತ್ರ ಅದರಲ್ಲಿ ಚೆನ್ನಾಗಿ ನಡೆಯುತ್ತದೆ. ಇನ್ನೂ ಕಮ್ಮಿಗೆ 5050 ಇದೆ. ಅದಕ್ಕೂ 4:2:2 ಬರುತ್ತದೆ, 130 ವ್ಯಾಟ್ ಸಾಕು. ಮಗನ ಗೇಮ್ ಮುಖ್ಯವಲ್ಲದಿದ್ದರೆ ನಿಮ್ಮ ಕೆಲಸಕ್ಕೆ ಅದೂ ಆದೀತು.

ಕ್ಯಾಮೆರಾವನ್ನು 4:2:0ಕ್ಕೆ ಬದಲಿಸಿ ಅಲ್ಲೇ ಉಳಿಯುತ್ತೀರಿ ಅಂದರೆ ಲೆಕ್ಕ ಬದಲಾಗುತ್ತದೆ. ಆಗ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯನ್ನೂ ನೋಡಬಹುದು. ನಿಮ್ಮ ಬಿ450 ಬೋರ್ಡ್‌ನ ಸ್ಲಾಟ್ ಪಿಸಿಐಇ 3.0. 9060 ಎಕ್ಸ್‌ಟಿ ಅದರ 16 ಲೇನ್‌ಗಳನ್ನೂ (ಡೇಟಾ ಓಡಾಡುವ ದಾರಿಗಳು) ಬಳಸುತ್ತದೆ, 5060 ಎಂಟೇ ಲೇನ್ ಬಳಸುತ್ತದೆ. ಕಾರ್ಡಿನ ಮೆಮೊರಿ ತುಂಬಿದಾಗ ಈ ವ್ಯತ್ಯಾಸ ಗೇಮ್‌ನಲ್ಲಿ ಗೊತ್ತಾಗುತ್ತದೆ. ಇಂಟೆಲ್‌ನ ಬಿ580 ಬೆಲೆಗೆ ಚೆನ್ನಾಗಿದೆ, 12 ಜಿಬಿ ಇದೆ. ಆದರೆ ಅದರ ಡ್ರೈವರ್ ಪ್ರೊಸೆಸರ್ ಮೇಲೆ ಜಾಸ್ತಿ ಭಾರ ಹಾಕುತ್ತದೆ, 3600ರ ಜೊತೆ ಗೇಮ್‌ನಲ್ಲಿ ಎಡವುತ್ತದೆ. ನಿಮಗೆ ನಾನು ಅದನ್ನು ಹೇಳುವುದಿಲ್ಲ.

ಕೊರತೆ ಬಂದಾಗ ಅಂಗಡಿಗಳಲ್ಲಿ ಕೆಲವು ವಿಚಿತ್ರ ಮಾಲುಗಳು ಕಾಣಿಸಿಕೊಳ್ಳುತ್ತವೆ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಅಂಥದ್ದು. 4 ಜಿಬಿ ಮೆಮೊರಿ, ನಾಲ್ಕೇ ಲೇನ್, ವಿಡಿಯೊ ಎನ್‌ಕೋಡರ್ ಇಲ್ಲವೇ ಇಲ್ಲ. ಬೇರೇನೂ ಸಿಗದ ಕಾಲದಲ್ಲಿ ಹೊಸ ಡಬ್ಬಿಯಲ್ಲಿ ಬಂತು ಅಂತ ಜನ ಕೊಂಡರು. ವಿಡಿಯೊ ಕೆಲಸದವರಿಗೆ ಅದು ಇವತ್ತು ಅರ್ಧ ಬೆಲೆಗೆ ಸಿಕ್ಕರೂ ಬೇಡ. "ಕಾರ್ಡ್ ಬೇಕಾದರೆ ಜೊತೆಗೆ ಈ ಎಸ್‌ಎಂಪಿಎಸ್, ಈ ಬೋರ್ಡ್ ತಗೋಬೇಕು" ಅನ್ನುವ ಕಾಂಬೊ ಮಾತಿಗೂ ಒಪ್ಪಬೇಡಿ. ಅಡ್ವಾನ್ಸ್ ಕೇಳಿದರೆ ಕಾರ್ಡಿನ ಪೂರ್ತಿ ಮಾದರಿ ಹೆಸರು, ಬೆಲೆ, ಕೊಡುವ ದಿನ, ಕೊಡದಿದ್ದರೆ ದುಡ್ಡು ವಾಪಸ್ ಅನ್ನುವುದು, ನಾಲ್ಕೂ ಬರಹದಲ್ಲಿರಲಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಕೇಳಿದ್ದೀರಿ. ನನಗೆ ಅದರ ಮೇಲೆ ತಾತ್ಸಾರವಿಲ್ಲ, ಆದರೆ ಕೈಯಲ್ಲಿ ಹಿಡಿದು, ಓಡಿಸಿ ನೋಡಿ ಕೊಳ್ಳಬೇಕು. ಫೋಟೊ ನೋಡಿ ಮೊದಲೇ ದುಡ್ಡು ಕಳಿಸುವ ವ್ಯವಹಾರವೇ ಬೇಡ. ಮಾರುವವರ ಮನೆಗೋ ಅಂಗಡಿಗೋ ಹೋಗಿ. ಮೊದಲು ಬಿಲ್ ಕೇಳಿ. ಬಿಲ್‌ನಲ್ಲಿರುವ ಸೀರಿಯಲ್ ನಂಬರ್ ಕಾರ್ಡಿನ ಸ್ಟಿಕರ್‌ಗೆ ಹೊಂದಬೇಕು. ಹೊರದೇಶದಿಂದ ತಂದ ಕಾರ್ಡ್ ಆದರೆ ಇಲ್ಲಿ ವಾರಂಟಿ ಸಿಗುತ್ತದಾ ಅಂತ ಆ ಬ್ರ್ಯಾಂಡ್‌ನ ಸರ್ವಿಸ್‌ನವರನ್ನೇ ವಿಚಾರಿಸಿ. ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಬಿಚ್ಚಿದ್ದೇ ತಪ್ಪಲ್ಲ, ಪೇಸ್ಟ್ ಹಾಕಲೂ ಬಿಚ್ಚುತ್ತಾರೆ. ಯಾಕೆ ಅಂತ ಕೇಳಿ, ಉತ್ತರ ಹೇಗೆ ಬರುತ್ತದೆ ನೋಡಿ. ಮಂಗಳೂರು, ಕಾರವಾರದ ಕಡೆಯಿಂದ ಬಂದ ಕಾರ್ಡ್ ಆದರೆ ಎಚ್‌ಡಿಎಂಐ ಪೋರ್ಟ್ ಹತ್ತಿರದ ಲೋಹದ ಪಟ್ಟಿಯಲ್ಲಿ ತುಕ್ಕು ಇದೆಯಾ ನೋಡಿ.

ಆಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಯಿರಿ, ಅದು ಉಚಿತ. ಹಳೆ ಚಿಪ್‌ಗೆ ಹೊಸ ಹೆಸರು ಬರೆದು ಮಾರುವ ನಕಲಿ ಕಾರ್ಡ್‌ಗಳು ನಮ್ಮಲ್ಲೂ ಓಡಾಡುತ್ತಿವೆ. ಅಂಥವು ಎಷ್ಟೋ ಅದರ ಕಣ್ಣಿಗೆ ಬೀಳುತ್ತವೆ, ಹೆಸರಿನ ಮುಂದೆಯೇ ಫೇಕ್ ಅಂತ ಬರುತ್ತದೆ. ನಂತರ ಅರ್ಧ ಗಂಟೆ ಸೂಪರ್‌ಪೊಸಿಷನ್ ಥರದ ಪರೀಕ್ಷೆ ಓಡಿಸಿ, ಎದ್ದು ಹೋಗದೆ ಪರದೆ ನೋಡುತ್ತಾ ಕೂರಿ. ಚುಕ್ಕೆ, ಗೆರೆ, ಬಣ್ಣದ ಚೌಕ ಏನೇ ಒಂದು ಕ್ಷಣ ಮಿಂಚಿದರೂ ಆ ಕಾರ್ಡ್ ಬೇಡ. ಮೆಮೊರಿ ಹಾಳಾಗತೊಡಗಿದಾಗ ಕಾಣುವುದು ಹೀಗೇ. ಎಲ್ಲ ಪೋರ್ಟ್‌ಗೂ ಮಾನಿಟರ್ ಚುಚ್ಚಿ ನೋಡಿ. ಮೈನಿಂಗ್‌ಗೆ ಬಳಸಿದ ಕಾರ್ಡ್ ಅಂದ ತಕ್ಷಣ ಹೆದರಬೇಕಿಲ್ಲ. ಅಲ್ಲಿ ಚಿಪ್‌ಗಿಂತ ಫ್ಯಾನ್, ಥರ್ಮಲ್ ಪ್ಯಾಡ್ ಸವೆದಿರುತ್ತವೆ, ಅವನ್ನು ಬದಲಿಸಬಹುದು. ಗೇಮ್‌ಗೆ ಮಾತ್ರ ಅಂದರೆ ಹಳೆಯ ಆರ್‌ಟಿಎಕ್ಸ್ 3060 12 ಜಿಬಿ ಒಳ್ಳೆ ಆಯ್ಕೆ. 4:2:2ಕ್ಕೆ ಅದು ಆಗುವುದಿಲ್ಲ ಅಂತ ಆಗಲೇ ಹೇಳಿದ್ದೇನೆ.

ರ‍್ಯಾಮ್ ಬೇಕಾಗಿದ್ದರೆ ಅದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಕಾರ್ಡ್‌ಗಿಂತ ನಿರಾಳ. ರ‍್ಯಾಮ್ ಕೆಡುವುದು ಅಪರೂಪ, ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿದರೆ ಗೊತ್ತಾಗುತ್ತದೆ. ಯಾರಾದರೂ ಇಡೀ ಕಂಪ್ಯೂಟರ್ ಮಾರುತ್ತಿದ್ದರೆ ಅದನ್ನೂ ನೋಡಿ. ಬಿಡಿ ಭಾಗಗಳ ಬೆಲೆ ಏರಿದಷ್ಟು ಬೇಗ ಪೂರ್ತಿ ಕಂಪ್ಯೂಟರಿನ ಬೆಲೆ ಏರಿರುವುದಿಲ್ಲ.

ಎಸ್‌ಎಂಪಿಎಸ್ ಮರೆಯಬೇಡಿ. 1060ಕ್ಕೆ 120 ವ್ಯಾಟ್ ಸಾಕಿತ್ತು. 5060ಕ್ಕೆ 145, 5060 ಟಿಐಗೆ 180. ಎನ್‌ವಿಡಿಯಾ 5060ಕ್ಕೆ 550 ವ್ಯಾಟ್ ಎಸ್‌ಎಂಪಿಎಸ್ ಹೇಳುತ್ತದೆ. ನಿಮ್ಮದು ಒಳ್ಳೆ ಕಂಪನಿಯ 450 ಆಗಿದ್ದು, 8 ಪಿನ್ ಕನೆಕ್ಟರ್ ಅದರಲ್ಲೇ ಇದ್ದರೆ 5060 ನಡೆದೀತು. ಇಲ್ಲದಿದ್ದರೆ ಬಜೆಟ್‌ನಲ್ಲೇ ಹೊಸ ಎಸ್‌ಎಂಪಿಎಸ್‌ಗೂ ದುಡ್ಡು ತೆಗೆದಿಡಿ. ಹಳೆ ಮೋಲೆಕ್ಸ್ ವೈರ್‌ಗೆ ಅಡಾಪ್ಟರ್ ಹಾಕಿ 8 ಪಿನ್ ಮಾಡಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ, ಆ ವೈರ್ ಕರಗಿ ಬೆಂಕಿ ಹತ್ತಬಹುದು. ಯುಪಿಎಸ್ ಕೂಡ ನೋಡಿಕೊಳ್ಳಿ. ಸಾಮಾನ್ಯವಾಗಿ ಎಲ್ಲರ ಹತ್ತಿರ ಇರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಎಕ್ಸ್‌ಪೋರ್ಟ್ ನಡುವೆ ಕರೆಂಟ್ ಹೋದಾಗ ಕಂಪ್ಯೂಟರ್, ಮಾನಿಟರ್ ಎರಡನ್ನೂ ಅದು ತಡೆದುಕೊಳ್ಳಬೇಕು.

ಬಿಲ್ ಇಲ್ಲದೆ ಕಡಿಮೆ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಬೆಂಗಳೂರಿನ ಎಸ್‌ಪಿ ರೋಡ್‌ಗೇ ಹೋಗಿ ತಂದರೂ ಸೀರಿಯಲ್ ನಂಬರ್ ಬರೆದ ಬಿಲ್ ಬೇಕು. ನಿಮ್ಮ ಸ್ಟುಡಿಯೊ ಜಿಎಸ್‌ಟಿಯಲ್ಲಿ ನೋಂದಣಿ ಆಗಿದ್ದರೆ ಬಿಲ್‌ಗೆ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ. ಕಾರ್ಡ್ ಮೇಲೆ ತೆರಿಗೆ 18 ಶೇಕಡ. 30,000ದ ಕಾರ್ಡ್‌ನಲ್ಲಿ ಸುಮಾರು 4,576 ರೂಪಾಯಿ ತೆರಿಗೆಯೇ. ಕ್ರೆಡಿಟ್ ಪಡೆಯಲು ನಿಮಗೆ ಅವಕಾಶ ಇದ್ದರೆ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ, ಒಮ್ಮೆ ನಿಮ್ಮ ಆಡಿಟರ್ ಹತ್ತಿರ ಮಾತಾಡಿ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಒಡೆಯುವ ಮುಂಚಿನಿಂದಲೇ ವಿಡಿಯೊ ಮಾಡಿ. ಕ್ಯಾಮೆರಾ ಹೇಗೂ ನಿಮ್ಮ ಕೈಯಲ್ಲೇ ಇದೆ.

ಇಷ್ಟರ ನಡುವೆ ಹಳೆ 1060ಕ್ಕೂ ಸ್ವಲ್ಪ ಆರೈಕೆ ಮಾಡಿ. ಕಾರ್ಡ್ ಹೊರಗೆ ತೆಗೆದು ಧೂಳು ಊದಿಸಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಸುಮ್ನೆ ಜೋರಾಗಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಇಷ್ಟು ವರ್ಷಕ್ಕೆ ಒಳಗಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ, ಅದನ್ನು ಬದಲಿಸಿ. ಈ ಕಾರ್ಡ್ 83 ಡಿಗ್ರಿ ಮುಟ್ಟಿದ ಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ತಣ್ಣಗಿದ್ದರೆ ಮಗನ ಗೇಮ್‌ಗೂ ಸ್ವಲ್ಪ ವೇಗ ವಾಪಸ್ ಬರುತ್ತದೆ. ಗೇಮ್‌ನ ಸೆಟ್ಟಿಂಗ್‌ನಲ್ಲಿ ಎಫ್‌ಎಸ್‌ಆರ್ (ಸಣ್ಣ ಚಿತ್ರವನ್ನು ಹಿಗ್ಗಿಸಿ ವೇಗ ಹೆಚ್ಚಿಸುವ ಸೌಲಭ್ಯ) ಇದ್ದರೆ ಆನ್ ಮಾಡಲು ಹೇಳಿ, ಅದು ಈ ಕಾರ್ಡ್‌ನಲ್ಲೂ ಓಡುತ್ತದೆ. 10 ಸರಣಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಭದ್ರತೆಯ ಅಪ್‌ಡೇಟ್ 2028ರ ಅಕ್ಟೋಬರ್‌ವರೆಗೆ ಬರುತ್ತದೆ. ಇವತ್ತಿನ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ.

ಹೊಸ ಕಾರ್ಡ್ ಬಂದ ಮೇಲೆ ಈ 1060 ಮಾರಬೇಡಿ, ಎರಡು ಮೂರು ಸಾವಿರ ಸಿಕ್ಕರೂ ಸಹ. ರೈಜನ್ 5 3600ರ ಒಳಗೆ ಗ್ರಾಫಿಕ್ಸ್ ಇಲ್ಲ. ಹೊಸ ಕಾರ್ಡ್ ಕೆಟ್ಟು ವಾರಂಟಿಗೆ ಕಳಿಸಿದರೆ ವಾಪಸ್ ಬರುವವರೆಗೆ ನಿಮ್ಮ ಕಂಪ್ಯೂಟರಿನ ಪರದೆಯಲ್ಲಿ ಏನೂ ಬರುವುದಿಲ್ಲ. ಕೊರತೆ ಕಾಲದಲ್ಲಿ ಬದಲಿ ಕಾರ್ಡ್ ಸ್ಟಾಕ್ ಇಲ್ಲ ಅಂತ ವಾರಗಟ್ಟಲೆ ಕಾಯಿಸಬಹುದು. ಹೊಸ ಕಾರ್ಡ್ ಬಂದ ಪ್ಲಾಸ್ಟಿಕ್ ಚೀಲದಲ್ಲೇ 1060 ಹಾಕಿ, ಧೂಳು ತೇವ ಇಲ್ಲದ ಕಡೆ ಎತ್ತಿಡಿ.